ಅವಳ ತಟ್ಟೆಗೆ ನಾವು ಹಾಕಿದ್ದು

ಎರಡು ವರ್ಷ ನಾನು ನನ್ನ ನಾದಿನಿಯ ಊಟದಲ್ಲಿ, ಅವಳಿಗೆ ತಿಳಿಯದ ಹಾಗೆ, ಔಷಧಿ ಬೆರೆಸಿದ್ದೇನೆ. ಡಾಕ್ಟರು ಬರೆದುಕೊಟ್ಟ ಔಷಧಿಯೇ. ನೀರಿನ ಹಾಗಿರುವ ಹನಿಗಳು. ಬಣ್ಣವಿಲ್ಲ, ವಾಸನೆಯಿಲ್ಲ, ಸಾರಿಗೆ ಬಿದ್ದರೆ ನಾಲಿಗೆಗೂ ಸಿಗುವುದಿಲ್ಲ. ಇದನ್ನು ಬರೆಯಲು ಕೂತಾಗಲೆಲ್ಲ ಮೊದಲು ಸಮಜಾಯಿಷಿಯೇ ಬರುತ್ತದೆ. ಡಾಕ್ಟರು ಬರೆದುಕೊಟ್ಟದ್ದು, ಒಳ್ಳೆಯದಕ್ಕೇ ಮಾಡಿದ್ದು, ಆ ಎರಡು ವರ್ಷ ಅವಳು ಚೆನ್ನಾಗಿದ್ದಳು. ಮೂರೂ ನಿಜ. ಆದರೂ ಒಂದು ಭಾನುವಾರ ಮಧ್ಯಾಹ್ನ ನನ್ನ ಬಾಯಿಂದ ಹೊರಡಬೇಕಾಗಿದ್ದ ಒಂದು ಮಾತು ಹೊರಡಲಿಲ್ಲ. ದಿನವೂ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ, ಮುಗಿದುಹೋದ ಊಟಕ್ಕೆ.

ನಮ್ಮದು ಟೇಕಲ್ ಹತ್ತಿರದ ಊರು. ಮನೆಯಲ್ಲಿ ನಾಲ್ಕು ಜನ, ಅತ್ತೆ, ನನ್ನ ಗಂಡ, ಗಂಡನ ತಂಗಿ, ನಾನು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವರು. ನಾನು ಬಿ.ಎಸ್ಸಿ. ಮಾಡಿ ಮಾಲೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಾದಿನಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳನ್ನು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರಕ್ಕೆ ಕೊಟ್ಟಿದ್ದರು. ಮದುವೆಯಾಗಿ ಮೂರನೇ ವರ್ಷ, ಗಂಡನ ಮನೆಯ ಮೂರು ಜನ ಹಿರಿಯರು ಒಂದು ಕಾರಿನಲ್ಲಿ ಅವಳನ್ನು ಕರೆತಂದು, ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಅವಳು ಊಟ ಮಾಡುವುದಿಲ್ಲ, ತಟ್ಟೆ ಎಸೆಯುತ್ತಾಳೆ, ಊಟಕ್ಕೆ ಏನೋ ಹಾಕ್ತೀರ ಅಂತ ಕೇರಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ ಎಂದು ಹೇಳಿ ಹೋದರು. ಮತ್ತೆ ಬರಲಿಲ್ಲ.

ಅತ್ತೆ ಮಗಳನ್ನು ನಂಬಿದರು. ನಮ್ಮ ಕಡೆ ಮದ್ದು ಹಾಕುವುದು ಎಂದರೆ ಎಲ್ಲರಿಗೂ ಗೊತ್ತು. ಆಗದವರು ಅನ್ನದಲ್ಲೋ ಬೆಲ್ಲದಲ್ಲೋ ಏನನ್ನೋ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯರನ್ನು ಒಣಗಿಸುತ್ತದೆ ಎಂಬ ನಂಬಿಕೆ. ಅದನ್ನು ತೆಗೆಯುವವರೂ ಇದ್ದಾರೆ. ಅತ್ತೆ ಅವಳನ್ನು ಆಂಧ್ರದ ಗಡಿಯ ಹತ್ತಿರದ ಒಬ್ಬರ ಬಳಿ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಆತ ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ವಾಂತಿಯೊಳಗಿಂದ ಕಡ್ಡಿಯಲ್ಲಿ ಕಪ್ಪಗಿನ ಒಂದು ಉಂಡೆ ಎತ್ತಿ ತೋರಿಸಿದ. ಅತ್ತೆ ಕೈಮುಗಿದರು. ನಾದಿನಿ ಬಾಯಿ ಒರೆಸಿಕೊಂಡು ಆ ಉಂಡೆಯನ್ನು ಬಹಳ ಹೊತ್ತು ನೋಡಿದಳು. ಅದು ಆತನ ಕೈಯಲ್ಲೇ ಇದ್ದದ್ದು ಎಂದು ನನಗೆ ಅನ್ನಿಸಿತ್ತು. ಹೇಳಲಿಲ್ಲ. ಸೊಸೆಯ ಮಾತು ಅಲ್ಲಿ ನಡೆಯುತ್ತಿರಲಿಲ್ಲ ಎಂಬುದು ಒಂದು ಕಾರಣ. ಸುಮ್ಮನಿದ್ದುಬಿಡುವುದು ನನಗೆ ಅಭ್ಯಾಸವಾಗಿತ್ತು ಎಂಬುದು ಇನ್ನೊಂದು.

ಅಂದರೆ, ಊಟದಲ್ಲಿ ಏನನ್ನಾದರೂ ಬೆರೆಸಬಹುದು, ಬೆರೆಸುತ್ತಾರೆ ಎಂದು ಅವಳಿಗೆ ಮೊದಲು ರುಜುವಾತು ತೋರಿಸಿದವರು ನಾವೇ.

ಮದ್ದು ತೆಗೆಸಿದ ಮೇಲೆ ಎರಡು ವಾರ ಚೆನ್ನಾಗಿದ್ದಳು. ಆಮೇಲೆ ನಮ್ಮ ಮನೆಯ ಊಟದ ಮೇಲೂ ಅನುಮಾನ ಶುರುವಾಯಿತು. ಟಿ.ವಿ.ಯಲ್ಲಿ ತನ್ನ ವಿಷಯ ಹೇಳುತ್ತಾರೆ ಅಂದಳು. ಹಿತ್ತಿಲಲ್ಲಿ ಯಾರೋ ಮಾತಾಡುತ್ತಾರೆ ಅಂದಳು. ಕೊನೆಗೆ ಕೋಲಾರದ ಒಂದು ಆಸ್ಪತ್ರೆಯಲ್ಲಿ ಸೇರಿಸಬೇಕಾಯಿತು. ವಾರ್ಡಿಗೆ ಹೋಗುವಾಗ ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡದ್ದು, ನನ್ನ ಗಂಡ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು, ಇವನ್ನು ನಾವು ಮನೆಯಲ್ಲಿ ಮಾತಾಡುವುದಿಲ್ಲ. ತಿಂಗಳ ಮೇಲೆ ವಾಪಸು ಬಂದಾಗ ಅತ್ತೆಯ ಕೈ ಹಿಡಿದು ಅವಳು ಕೇಳಿದ್ದು ಒಂದೇ, ಇನ್ನೊಂದು ಸಲ ಅಲ್ಲಿಗೆ ಕಳಿಸಬೇಡ ಎಂದು. ಅತ್ತೆ ಮಾತು ಕೊಟ್ಟರು.

ಮಾತ್ರೆಯನ್ನು ಎರಡು ತಿಂಗಳು ನುಂಗಿದಳು. ಆಮೇಲೆ ದಿಂಬಿನ ಕೆಳಗೆ ಮಾತ್ರೆಗಳು ಸಿಕ್ಕವು. ಡಾಕ್ಟರ ಮುಂದೆ ಅತ್ತೆ ಅತ್ತರು. ಮಗಳು ಅಲ್ಲಿಗೆ ಇನ್ನೊಂದು ಸಲ ಹೋದರೆ ನಾನು ಉಳಿಯೋದಿಲ್ಲ ಅಂದರು. ಆಗ ಡಾಕ್ಟರು ಆ ಹನಿ ಔಷಧಿ ಬರೆದುಕೊಟ್ಟರು. ಇದು ಕೆಲವು ವಾರಗಳಿಗೆ ಮಾತ್ರ, ಅವಳ ಮನಸ್ಸು ಒಂದು ಹದಕ್ಕೆ ಬಂದ ಕೂಡಲೇ ನೀವೇ ಕೂತು ಅವಳಿಗೆ ಹೇಳಬೇಕು, ಹೇಳದೇ ಇದ್ದರೆ ಮುಂದೆ ಕಷ್ಟ ಎಂದು ಎರಡು ಸಲ ಹೇಳಿದರು. ಎರಡು ಸಲವೂ ನಾವು ತಲೆ ಆಡಿಸಿದೆವು. ಲ್ಯಾಬಿನಲ್ಲಿ ಕೆಲಸ ಮಾಡುವವಳು ಎಂದು ಅಳತೆ ನನ್ನ ಪಾಲಿಗೆ ಬಂತು.

ಹದಕ್ಕೆ ಬಂದಳು. ಹೊಲಿಗೆ ಯಂತ್ರ ಹೊರಗೆ ತೆಗೆದಳು. ಊರಿನ ಹೆಂಗಸರಿಗೆ ರವಿಕೆ ಹೊಲಿದಳು, ಸೀರೆಗೆ ಫಾಲ್ಸ್ ಹಾಕಿದಳು. ಬಾಯಿ ಜೋರು, ಮೊದಲಿನ ಹಾಗೇ. ಒಬ್ಬಾಕೆ ಅಳತೆ ಕೊಡಲು ಬಂದು ಉಸಿರು ಬಿಗಿಹಿಡಿದು ನಿಂತಿದ್ದರೆ, ‘ಉಸಿರು ಬಿಡಕ್ಕ, ಮದುವೆ ಮನೇಲಿ ಹೆಂಗೂ ಬಿಡ್ತೀಯ, ಆವಾಗ ನನ್ನ ಹೊಲಿಗೆ ಬೈಯ್ತೀಯ’ ಅನ್ನುತ್ತಿದ್ದಳು. ನಾವು ನಕ್ಕೆವು. ಇಷ್ಟು ಚೆನ್ನಾಗಿರುವಾಗ ಈಗ ಯಾಕೆ ಹೇಳಬೇಕು ಅಂದುಕೊಂಡೆವು. ಕೆಡುವ ಹಾಗೆ ಕಂಡಾಗ, ಇಂಥ ಹೊತ್ತಿನಲ್ಲಿ ಹೇಗೆ ಹೇಳುವುದು ಅಂದೆವು. ಹೀಗೆ ಎರಡು ವರ್ಷ. ಅವಳು ಮನೆಯಲ್ಲಿ ಉಳಿಯಬೇಕಾದರೆ ನಾವು ಕೊಟ್ಟದ್ದನ್ನು ನಂಬಿ ತಿನ್ನಬೇಕು. ಮನೆ ನಿಂತಿದ್ದದ್ದೇ ಅದರ ಮೇಲೆ.

ಅತ್ತೆಗೆ ಮಾತ್ರ ನೆಮ್ಮದಿ ಇರಲಿಲ್ಲ. ಮಗಳು ತಿನ್ನುವ ಪ್ರತಿ ತುತ್ತನ್ನೂ ಕಣ್ಣಲ್ಲೇ ಎಣಿಸುತ್ತಿದ್ದರು. ತಟ್ಟೆಯಲ್ಲಿ ಚೂರು ಉಳಿದರೂ ತಾವೇ ಕಲಸಿ ಬಾಯಿಗೆ ಇಡುತ್ತಿದ್ದರು. ಮೂವತ್ತು ವರ್ಷದ ಹೆಂಗಸಿಗೆ ತಾಯಿ ತುತ್ತು ಕೊಡುವುದನ್ನು ಊರವರು ಮಮತೆ ಎಂದು ಹೊಗಳಿದರು. ಮಗಳು ಮಲಗಿದರೆ ಉಸಿರಾಡುತ್ತಿದ್ದಾಳಾ ನೋಡುತ್ತಿದ್ದರು, ನಕ್ಕರೆ ಯಾಕೆ ನಕ್ಕಳು ಅಂತ ನನ್ನನ್ನು ಕೇಳುತ್ತಿದ್ದರು, ಬಚ್ಚಲಿನಿಂದ ಬರುವುದು ತಡವಾದರೆ ಬಾಗಿಲು ಬಡಿಯುತ್ತಿದ್ದರು. ಅವರಿಗೆ ಅಳು ಬಂದರೆ ಮಾತು ತೆಲುಗಿಗೆ ತಿರುಗುತ್ತಿತ್ತು. ‘ತಿನು ತಲ್ಲಿ, ಒಕ್ಕ ಮುದ್ದ.’ ಒಂದೇ ಒಂದು ತುತ್ತು, ತಾಯೀ. ಆ ದನಿ ಕೇಳಿದ ಕೂಡಲೇ ನಾದಿನಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಇಷ್ಟು ಬೇಡಿಕೊಂಡು ತಿನ್ನಿಸಬೇಕಾದರೆ ಅದರಲ್ಲಿ ಏನೋ ಇರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಎರಡನೇ ವರ್ಷದ ನಡುವೆ ನಮ್ಮ ಮನೆಗೆ ಆಪ್ತಸಮಾಲೋಚಕಿ ಬಂದರು. ತಾಲ್ಲೂಕಿನಲ್ಲಿ ತಿಂಗಳಿಗೊಮ್ಮೆ ನಡೆಯುವ ಒಂದು ಮಾನಸಿಕ ಆರೋಗ್ಯ ಶಿಬಿರದಲ್ಲಿ ಕೆಲಸ ಮಾಡುತ್ತಿದ್ದವರು, ಶ್ರೀನಿವಾಸಪುರದ ಕಡೆಯವರು, ನನ್ನದೇ ವಯಸ್ಸು. ಮೊದಲ ದಿನ ಚಾಪೆಯ ಮೇಲೆ ಕೂತು, ಕಾಫಿ ಬೇಡ, ನೀರು ಸಾಕು ಅಂದರು. ಮನೆಮನೆಗೆ ಹೋಗುವಾಗ ಅವರು ಇಟ್ಟುಕೊಂಡ ನಿಯಮ ಅದು. ಅತ್ತೆಗೆ ಅವಮಾನವಾಯಿತು. ಆದರೆ ಆಕೆ ಹೇಳಿದ ಮಾತು ಸರಿಯಾಗಿತ್ತು. ಪ್ರೀತಿ ಜಾಸ್ತಿಯಾದರೂ ಕಾಯಿಲೆಯವರಿಗೆ ಅದು ಭಾರವೇ, ಬೈಗುಳದಷ್ಟೇ ಭಾರ, ಅಂದರು. ಅವಳ ತಟ್ಟೆ ನೋಡಬೇಡಿ, ಅವಳ ಕೈಯಿಂದ ಅವಳು ತಿನ್ನಲಿ, ದಿನಕ್ಕೆ ಒಂದು ಗಂಟೆಯಾದರೂ ನೀವು ಮನೆಯಿಂದ ಹೊರಗೆ ಹೋಗಿ, ಅಂದರು. ‘ಹೊರಗೆ ಹೋಗಿ ನಾನೇನು ಮಾಡ್ಲಿ ಮೇಡಮ್ಮ, ಬೆಟ್ಟ ಹತ್ತಲಾ?’ ಅಂದರು ಅತ್ತೆ. ನಾದಿನಿ ಯಂತ್ರದ ಹಿಂದಿನಿಂದ ಜೋರಾಗಿ ನಕ್ಕಳು. ಹತ್ತು, ನಾನು ಕೆಳಗಡೆಯಿಂದ ಕೈ ಬೀಸ್ತೀನಿ, ಅಂದಳು. ಅವತ್ತಿನಿಂದ ಅವಳಿಗೆ ಆ ಮೇಡಂ ‘ಅಕ್ಕ’ ಆದರು.

ಹನಿಗಳ ವಿಷಯವನ್ನು ನಾನೇ ಹೊರಗೆ ಕರೆದು ಅವರಿಗೆ ಹೇಳಿದೆ. ಅವರ ಮುಖ ಗಂಭೀರವಾಯಿತು. ಇಷ್ಟು ದಿನವೇ ಎಂದು ಕೇಳಿದರು. ಇದನ್ನು ಅವಳಿಗೆ ಹೇಳಲೇಬೇಕು, ನಾನು ಜೊತೆಗಿರುತ್ತೇನೆ, ಡಾಕ್ಟರ ಹತ್ತಿರವೂ ಮಾತಾಡುತ್ತೇನೆ, ಎಲ್ಲರೂ ಕೂತು ಹೇಳೋಣ ಅಂದರು. ದಿನವನ್ನೂ ಗೊತ್ತುಮಾಡಿದರು. ಆ ದಿನ ಅತ್ತೆ ಅತ್ತರು, ಮುಂದಕ್ಕೆ ಹೋಯಿತು. ಇನ್ನೊಂದು ದಿನ ಗೊತ್ತುಮಾಡಿದರು. ಅವತ್ತು ಅತ್ತೆ ಕೈ ಹಿಡಿದು ಊಟಕ್ಕೆ ಕೂರಿಸಿದರು. ನೀರು ಸಾಕು ಅನ್ನುತ್ತಿದ್ದವರು ಮುದ್ದೆ ಉಂಡರು. ನಮ್ಮಮ್ಮನೂ ಹೀಗೇ ಬಸ್ಸಾರು ಮಾಡ್ತಿದ್ದರು, ಅಂದರು. ಅವರ ತಾಯಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಆಗ.

ಅಲ್ಲಿಂದ ಮುಂದೆ ಅವರು ಬರುವುದು ಮಾತಾಡಿಸುವುದಕ್ಕೋ ಊಟಕ್ಕೋ ಎಂಬುದು ಕಲಸಿಹೋಯಿತು. ಕೆಲಸವಿಲ್ಲದ ದಿನವೂ ಬಂದರು. ಮಾವಿನ ಕಾಲದಲ್ಲಿ ಒಂದು ಬುಟ್ಟಿ ಹಣ್ಣು ತಂದರು. ಅತ್ತೆ ‘ಮೇಡಮ್ಮ’ ಅನ್ನುವುದನ್ನು ಬಿಟ್ಟು ತೆಲುಗಿನಲ್ಲಿ ಮಗಳನ್ನು ಕರೆಯುವ ಹಾಗೆ ‘ಅಮ್ಮಾಯಿ’ ಅನ್ನತೊಡಗಿದರು. ನನಗೂ ಅದು ಇಷ್ಟವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಮನೆಯಲ್ಲಿ ನನ್ನ ಮಾತು ಕೇಳುವ ಒಬ್ಬರು ಸಿಕ್ಕಿದ್ದರು.

ಗೌರಿ ಹಬ್ಬದ ವಾರ ಅತ್ತೆ ಅವರನ್ನು ಕರೆಸಿದರು. ತವರಿನವರು ಮಗಳಿಗೆ ಬಾಗಿನ ಕೊಡುವ ಹಬ್ಬ ಅದು. ತಾಯಿ ಇಲ್ಲದವಳು, ಈ ವರ್ಷ ಅವಳ ಮಡಿಲು ಯಾರು ತುಂಬುತ್ತಾರೆ ಎಂದು ಅತ್ತೆಗೆ ಸಂಕಟ. ಮಣೆ ಹಾಕಿ ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಇಟ್ಟರು. ಆಕೆ ಬೇಡ ಅನ್ನಲಿಲ್ಲ. ಸೆರಗು ಹಿಡಿದುಕೊಂಡೇ ಅತ್ತುಬಿಟ್ಟರು. ಅತ್ತೆಯೂ ಅತ್ತರು. ಆ ರವಿಕೆ ಕಣವನ್ನು ತಟ್ಟೆಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನನ್ನ ನಾದಿನಿ.

ಗಂಡನ ಮನೆಯಿಂದ ಬಂದ ಮೇಲೆ ಅವಳ ಮಡಿಲನ್ನು ಯಾರೂ ತುಂಬಿರಲಿಲ್ಲ. ತವರಲ್ಲೇ ಇರುವವಳಿಗೆ ತವರಿನ ಬಾಗಿನ ಏನು ಎಂದು ಅತ್ತೆ ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ನೋವಾಗಬಾರದೆಂದೇ ಎತ್ತುತ್ತಿರಲಿಲ್ಲ. ಸಮಾಲೋಚಕಿ ಹೋದ ಮೇಲೆ ನಾದಿನಿ ತಟ್ಟೆ ತೊಳೆಯುತ್ತಾ ಅಂದಳು.

‘ಬಿಡಿ ಅತ್ತಿಗೆ, ನಮ್ಮಮ್ಮನಿಗೆ ಕೊನೆಗೂ ನೆಟ್ಟಗಿರೋ ಮಗಳು ಒಬ್ಬಳು ಸಿಕ್ಕಿದಳು.’

ನಗುತ್ತಲೇ ಅಂದಳು. ನಾನೂ ನಕ್ಕೆ. ಅವಳಿಗೆ ಈ ಮನೆಯಲ್ಲಿ ಈ ಮನೆಯವರಲ್ಲದ ಒಬ್ಬರು ಇದ್ದರು, ಅವರನ್ನೂ ಅವಳ ಕಣ್ಣೆದುರಿಗೇ ನಾವು ಮನೆಯವರನ್ನಾಗಿ ಮಾಡಿಕೊಂಡೆವು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಅದಾದ ಮೂರು ವಾರಕ್ಕೆ ಸಮಾಲೋಚಕಿ ಬಂದು ಹೋಗುವಾಗ ನಾನು ಬಸ್ಸಿನ ತನಕ ಜೊತೆಗೆ ಹೋದೆ. ದಾರಿಯಲ್ಲಿ ಅವರು ನಿಂತುಬಿಟ್ಟರು. ನಾದಿನಿ ಅವರನ್ನು ಒಬ್ಬರೇ ಇದ್ದಾಗ ಕೇಳಿದ್ದಳಂತೆ, ಅಕ್ಕ, ನನ್ನ ಊಟಕ್ಕೆ ಇವರು ಏನಾದರೂ ಹಾಕ್ತಾರಾ ಎಂದು. ಇಲ್ಲ ಅಂದೆ, ಎಂದರು. ಆಣೆ ಇಡಿ ಅಂದಳಂತೆ. ಆಣೆಯನ್ನೂ ಇಟ್ಟರಂತೆ.

‘ಎರಡು ತಿಂಗಳ ಹಿಂದೆ ಕೇಳಿದ್ರೆ ನಾನು ಹೌದು ಅಂತಿದ್ದೆ ಕಣ್ರೀ,’ ಅಂದರು. ‘ಮಡಿಲು ತುಂಬಿದ ಅಮ್ಮನ ಮುಖ ಕಣ್ಮುಂದೆ ಬಂತು. ಇದು ನನ್ನ ಕೆಲಸ ಅನ್ನೋದೇ ಮರೆತುಹೋಯ್ತು.’

ನಾನು ಸಮಾಧಾನ ಮಾಡಿದೆ. ಒಳ್ಳೆಯದೇ ಆಯಿತು, ನಂಬಿದಳಲ್ಲ, ಅಂದೆ. ಬಸ್ಸು ಬಂತು.

ಅವಳು ನಂಬಿರಲಿಲ್ಲ. ಅದರ ಮುಂದಿನ ವಾರದಿಂದ ಒಂದೊಂದು ಹೊತ್ತು ಊಟ ಬಿಡಲು ಶುರುಮಾಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಬಡಿಸುವುದನ್ನು ನೋಡುತ್ತಿದ್ದಳು. ‘ನೀವು ಫ್ಯಾಕ್ಟ್ರೀಲಿ ಅದೂ ಇದೂ ಟೆಸ್ಟ್ ಮಾಡ್ತೀರಲ್ಲ ಅತ್ತಿಗೆ, ನಮ್ಮಮ್ಮನ ಸಾರನ್ನೂ ಒಂದ್ಸಲ ತಗೊಂಡೋಗಿ ಟೆಸ್ಟ್ ಮಾಡಿ’ ಅಂದಳು. ನನ್ನ ಕೈಯಲ್ಲಿ ಆಗ ಹನಿಯ ಸೀಸೆ ಇತ್ತು, ಸೆರಗಿನ ಮರೆಯಲ್ಲಿ.

ಅತ್ತೆಗೆ ದಿಗಿಲು ಹತ್ತಿತು. ತಿನ್ನದ ಹೊತ್ತಿನ ಔಷಧಿ ತಿಂದ ಹೊತ್ತಿನಲ್ಲಾದರೂ ಹೋಗಲಿ ಎಂದು ಅವರ ಯೋಚನೆ. ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವರೇ ಸೀಸೆಯಿಂದ ಬಗ್ಗಿಸುತ್ತಿದ್ದರು, ಅಳತೆಯಿಲ್ಲದೆ. ಇದು ನನಗೆ ಗೊತ್ತಿರಲಿಲ್ಲ. ಸೀಸೆ ಬೇಗ ಖಾಲಿಯಾಗುತ್ತಿದೆ ಎಂದು ಒಂದು ಸಲ ಅನ್ನಿಸಿತ್ತು. ಲ್ಯಾಬಿನಲ್ಲಾಗಿದ್ದರೆ ಬರೆದಿಡುತ್ತಿದ್ದೆ, ಕೇಳುತ್ತಿದ್ದೆ. ಮನೆಯಲ್ಲಿ ಕೇಳಲಿಲ್ಲ.

ಆ ಭಾನುವಾರ ಗಂಡ ಯಾರದೋ ಗೃಹಪ್ರವೇಶಕ್ಕೆ ಬೆಳಿಗ್ಗೆಯೇ ಹೋಗಿದ್ದರು. ನಾದಿನಿ ಶುಕ್ರವಾರದಿಂದ ತಾನೇ ಮಾಡಿಕೊಂಡ ಟೀ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನಾನು ಅವರೆಕಾಳಿನ ಸಾರು ಮಾಡಿ ಅವಳ ಬಟ್ಟಲಿಗೆ ಹನಿಗಳನ್ನು ಹಾಕಿದೆ, ಅಳತೆಯಂತೆ. ಅತ್ತೆ ಅವಳ ಮುದ್ದೆಗೆ ಗುಳಿ ಮಾಡಿ ತುಪ್ಪ ಬಿಟ್ಟರು. ಆ ತುಪ್ಪದ ಗಿಣ್ಣಲಿಗೆ ಅವರು ಮೊದಲೇ ಸೀಸೆ ಬಗ್ಗಿಸಿದ್ದರು ಎಂದು ನನಗೆ ಗೊತ್ತಾದದ್ದು ಮೂರು ದಿನದ ಮೇಲೆ.

ಮೂವರೂ ನೆಲದ ಮೇಲೆ ಕೂತೆವು. ನಾದಿನಿ ತಟ್ಟೆಯನ್ನು ಒಂದು ಕ್ಷಣ ನೋಡಿ, ಅದನ್ನು ಎರಡು ಕೈಯಲ್ಲಿ ಎತ್ತಿ ಅತ್ತೆಯ ಮುಂದೆ ಇಟ್ಟಳು.

‘ಅಮ್ಮ, ಇದನ್ನ ನೀನು ತಿನ್ನು.’

‘ನಂದು ಇಲ್ಲೇ ಇದೆಯಲ್ಲೇ.’

‘ಅದು ನನಗೆ ಕೊಡು. ಎರಡೂ ಒಂದೇ ಪಾತ್ರೇದು ತಾನೆ?’

ಅತ್ತೆ ನನ್ನ ಕಡೆ ನೋಡಿದರು. ನಾನು ಸೌಟಿನ ಕಡೆ ನೋಡಿದೆ.

‘ಕೊಡು,’ ಅಂದರು ಅತ್ತೆ. ‘ನಿನ್ನ ಎಂಜಲು ತಿಂದೇ ಅಲ್ಲವೇನೇ ನಾನು ಇಷ್ಟು ದಪ್ಪ ಆಗಿರೋದು.’

ಅವರು ತಿಂದರು. ತುಪ್ಪದಲ್ಲಿ ಅದ್ದಿ, ಸಾರಿನಲ್ಲಿ ಅದ್ದಿ, ಮುದ್ದೆಯನ್ನು ಪೂರ್ತಿ ನುಂಗಿದರು. ಬಟ್ಟಲನ್ನು ಎತ್ತಿ ಕುಡಿದರು. ಮಗಳು ತಾಯಿಯ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಮುಖ ಸಡಿಲವಾಯಿತು. ತಾಯಿಯ ತಟ್ಟೆಯಿಂದ ತಿನ್ನತೊಡಗಿದಳು. ಎರಡನೇ ಸಲ ಸಾರು ಕೇಳಿದಳು. ಕಾಳು ಚೆನ್ನಾಗಿ ಬೆಂದಿದೆ ಅತ್ತಿಗೆ, ಅಂದಳು. ತಿಂಗಳುಗಳಿಂದ ಆ ಮನೆಯಲ್ಲಿ ಅಷ್ಟು ಸಂತೋಷದ ಊಟ ಆಗಿರಲಿಲ್ಲ. ಒಂದು ಹೊತ್ತಿನ ಹನಿಗಳಿಂದ ಅತ್ತೆಗೆ ಏನೂ ಆಗುವುದಿಲ್ಲ, ಸ್ವಲ್ಪ ಮಂಪರು ಬರಬಹುದು ಎಂದು ನಾನು ಸಮಾಧಾನ ಮಾಡಿಕೊಂಡೆ. ನನ್ನ ಅಳತೆ ನನಗೆ ಗೊತ್ತಿತ್ತಲ್ಲ. ಅತ್ತೆಗೆ ತಾವು ಹಾಕಿದ್ದು ಗೊತ್ತಿತ್ತು, ನಾನು ಹಾಕಿದ್ದೂ ಗೊತ್ತಿತ್ತು. ಗೊತ್ತಿದ್ದೇ ತಿಂದರು. ಒಂದು ಮಾತು ಆಡಿದ್ದರೆ ಮಗಳು ಮತ್ತೆ ಆ ವಾರ್ಡಿನ ಬಾಗಿಲಿಗೆ ಹೋಗಬೇಕಾಗುತ್ತಿತ್ತು.

ಗಂಟೆ ಕಳೆದಿತ್ತೇನೋ. ಅತ್ತೆ ಹಿತ್ತಿಲಿಗೆ ಹೋದರು. ಧಪ್ ಎಂದು ಶಬ್ದವಾಯಿತು. ನಾನು ಹೋಗುವಷ್ಟರಲ್ಲಿ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದರು. ಹಣೆಯ ಮೇಲೆ ಕಲ್ಲಿನ ಅಂಚು ತಾಗಿ ರಕ್ತ ಬರುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಕರೆದರೆ ಓಗೊಡಲಿಲ್ಲ, ದವಡೆ ಬಿಗಿದಿತ್ತು. ಪಕ್ಕದ ಮನೆಯವರ ಆಟೋದಲ್ಲಿ ಮಾಲೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನಾದಿನಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಸೆರಗಿನಿಂದ ಹಣೆ ಒತ್ತಿ ಹಿಡಿದಿದ್ದಳು. ನಾನೇ ತಿನ್ನು ಅಂದೆ, ನಾನೇ ತಿನ್ನು ಅಂದೆ, ಎಂದು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು. ಇಟ್ಟಿಗೆ ಗೂಡುಗಳ ದೂಳಿನ ರಸ್ತೆ. ಎದುರಿಗೆ ಲಾರಿಗಳು. ಆ ದಾರಿಯಲ್ಲೂ ನಾನು ಬಾಯಿ ಬಿಡಲಿಲ್ಲ.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಏನಾಯಿತು, ಯಾವ ಮಾತ್ರೆ ತಗೋತಾರೆ ಎಂದು ಕೇಳಿದರು. ಬಿ.ಪಿ. ಮಾತ್ರೆ ಅಂದೆ. ಬೇರೆ ಏನಾದರೂ? ನನಗಿಂತ ಮೊದಲು ನಾದಿನಿ ಉತ್ತರ ಕೊಟ್ಟಳು. ಊಟದಲ್ಲಿ ಏನೋ ಬೆರೆಸಿದ್ದರು, ನನಗೆ ಬೆರೆಸಿದ್ದು, ಅಮ್ಮ ತಿಂದಳು, ಎಂದು. ತೊದಲಲಿಲ್ಲ, ಕೂಗಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಹೇಳಿದಳು. ಡಾಕ್ಟರು ಅವಳನ್ನು ನೋಡಿದರು. ಕೆದರಿದ ಕೂದಲು, ರಕ್ತ ಹತ್ತಿದ ಸೆರಗು. ಆಮೇಲೆ ನನ್ನನ್ನು ನೋಡಿದರು.

‘ಅವಳ ಮಾತು ಬಿಡಿ ಡಾಕ್ಟ್ರೇ,’ ಅಂದೆ ನಾನು. ‘ಅವಳಿಗೆ ಮನಸ್ಸಿನ ಟ್ರೀಟ್‌ಮೆಂಟ್ ನಡೀತಿದೆ.’

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ನಾನೇ ತಪ್ಪು ತಿಳಿದುಕೊಂಡೆನೇನೋ ಎಂಬ ಹಾಗೆ ಅವಳೇ ತಲೆ ತಗ್ಗಿಸಿದಳು. ಅದನ್ನು ನೋಡಿದೆ. ಡಾಕ್ಟರು ಲಕ್ವ ಇರಬಹುದು, ಪೆಟ್ಟಿನಿಂದ ತಲೆಯೊಳಗೆ ರಕ್ತಸ್ರಾವವೂ ಇರಬಹುದು ಅಂದರು. ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂದರು. ಯಾರೋ ಆಂಬ್ಯುಲೆನ್ಸಿಗೆ ಫೋನು ಮಾಡಿದರು. ನರ್ಸು ಬಿ.ಪಿ. ನೋಡಿ, ಮತ್ತೆ ನೋಡಿ, ಡಾಕ್ಟರನ್ನು ಕರೆದಳು. ತುಂಬಾ ಇಳಿದಿತ್ತು. ಆಗ ನನಗೆ ಇದು ಹನಿಗಳಿಂದಲೇ ಇರಬಹುದು ಎಂದು ಹೊಳೆಯಿತು. ಹತ್ತು ನಿಮಿಷ ಆಗಿತ್ತೋ ಏನೋ, ನಾನು ಸುಳ್ಳು ಹೇಳಿ.

ಡಾಕ್ಟರನ್ನು ಪಕ್ಕಕ್ಕೆ ಕರೆಯಬಹುದಾಗಿತ್ತು. ಇದನ್ನು ನೂರು ಸಲ ಯೋಚಿಸಿದ್ದೇನೆ. ಪರದೆಯ ಆಚೆ ಹೋಗಿ ಕಿವಿಯಲ್ಲಿ ಹೇಳಬಹುದಾಗಿತ್ತು. ಆದರೆ ಅಷ್ಟು ಹೊತ್ತು ತಡೆದಿಟ್ಟದ್ದು ನಿಂತಲ್ಲೇ ಬಾಯಿಗೆ ಬಂತು. ಊಟದಲ್ಲಿ ಔಷಧಿ ಇತ್ತು, ನಾನೇ ಹಾಕಿದ್ದೆ, ನಾದಿನಿಗೆ ಹಾಕುವ ಔಷಧಿ, ಎರಡು ವರ್ಷದಿಂದ ಹಾಕುತ್ತಿದ್ದೇವೆ, ಎಂದು ಎಲ್ಲವನ್ನೂ ಹೇಳಿದೆ. ಹೆಸರು ಹೇಳಿದೆ. ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈಯುವಷ್ಟು ಸಮಯ ಇರಲಿಲ್ಲ. ಸಲೈನ್ ಏರಿಸುವುದಕ್ಕೆ ಹೇಳಿ ಒಳಗೆ ಹೋದರು.

ನಾನು ಗೋಡೆಗೆ ಒರಗಿ ನಿಂತೆ. ನಾದಿನಿ ನನ್ನ ಎದುರಿಗೇ ಇದ್ದಳು. ಅಳುತ್ತಿದ್ದವಳು ನಿಲ್ಲಿಸಿದ್ದಳು.

‘ಹಂಗಾದ್ರೆ ನನಗೆ ಹುಚ್ಚು ಇರ್ಲಿಲ್ಲ, ಅಲ್ವಾ ಅತ್ತಿಗೆ?’ ಅಂದಳು.

ಇತ್ತು ಎಂದರೆ ಸುಳ್ಳು, ಇರಲಿಲ್ಲ ಎಂದರೂ ಸುಳ್ಳು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಬ್ಯಾಗಿನಿಂದ ಫೋನು ತೆಗೆದು ಸಮಾಲೋಚಕಿಗೆ ಹಚ್ಚಿದಳು. ಅಕ್ಕ, ನಿಮಗೂ ಗೊತ್ತಿತ್ತಾ, ಎಂದು ಕೇಳಿದಳು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅವಳು ಫೋನನ್ನು ಮುಗಿಸದೆ ನನ್ನ ಕೈಗೆ ಕೊಟ್ಟಳು.

ಅತ್ತೆ ಕೋಲಾರದಲ್ಲಿ ಐದು ದಿನ ಇದ್ದು ಬದುಕಿ ಬಂದರು. ಹಣೆಗೆ ಹೊಲಿಗೆ, ನಡೆಯುವಾಗ ಗೋಡೆ ಹಿಡಿಯಬೇಕು. ತುಪ್ಪದ ವಿಷಯವನ್ನು ಅವರು ನನಗೆ ಹೇಳಿದ್ದು ಆ ಆಸ್ಪತ್ರೆಯಲ್ಲೇ. ಯಾಕೆ ತಿಂದಿರಿ, ಅರ್ಧದಲ್ಲಾದರೂ ನಿಲ್ಲಿಸಬಹುದಾಗಿತ್ತಲ್ಲ ಎಂದು ಕೇಳಿದೆ. ‘ಅವಳು ನೋಡ್ತಿದ್ದಳಲ್ಲ’ ಅಂದರು.

ನಾದಿನಿಯ ಡಾಕ್ಟರ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡೆವು. ಅವರು ಅವಳ ಮುಂದೆ ಕೂತು ತಾಳ್ಮೆಯಿಂದ ವಿವರಿಸಿದರು, ಇವರು ಮಾಡಿದ್ದು ತಪ್ಪು, ಆದರೆ ಅದು ವಿಷವಲ್ಲ, ಕಾಯಿಲೆ ಬೇರೆ, ಇದು ಬೇರೆ ಎಂದು. ಅವಳು ಪೂರ್ತಿ ಕೇಳಿಸಿಕೊಂಡು ಕೇಳಿದಳು, ಇದು ನಿಜವಾಗಿದ್ದ ಮೇಲೆ ಉಳಿದಿದ್ದು ಮಾತ್ರ ಯಾಕೆ ಸುಳ್ಳಾಗುತ್ತೆ ಎಂದು. ಟಿ.ವಿ., ಹಿತ್ತಿಲಿನ ದನಿಗಳು, ದೇವರಾಯಸಮುದ್ರದ ಅನ್ನ, ಎಲ್ಲಕ್ಕೂ ಈಗ ಸಾಕ್ಷಿ ಸಿಕ್ಕಿತ್ತು. ಸಾಕ್ಷಿ ನಾನೇ. ಮಾತ್ರೆ ಮುಟ್ಟಲಿಲ್ಲ. ತಿಂಗಳೊಳಗೆ ಮತ್ತೆ ಅದೇ ವಾರ್ಡಿಗೆ ಸೇರಿಸಬೇಕಾಯಿತು. ಈ ಸಲ ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಲಿಲ್ಲ. ತಾನೇ ನಡೆದು ಒಳಗೆ ಹೋದಳು, ಹಿಂತಿರುಗಿ ನೋಡಲಿಲ್ಲ.

ಅವಳನ್ನು ವಾರ್ಡಿಗೆ ಸೇರಿಸುವ ಮೊದಲು ಸಮಾಲೋಚಕಿ ಒಮ್ಮೆ ಬಂದಿದ್ದರು. ನಾದಿನಿ ಕೋಣೆಯಿಂದ ಹೊರಗೆ ಬರಲಿಲ್ಲ. ಅತ್ತೆ ಊಟಕ್ಕೆ ಏಳು ಅಂದರು, ಅವರು ಏಳಲಿಲ್ಲ. ನಮ್ಮ ಮೇಲಿನವರಿಗೆ ನಾನೇ ಎಲ್ಲ ಹೇಳಿದ್ದೇನೆ, ಇನ್ನು ಮೇಲೆ ಈ ಮನೆಗೆ ಬೇರೆಯವರು ಬರುತ್ತಾರೆ ಎಂದರು. ನನ್ನಿಂದ ಒಂದು ಮಾತು ಬೇಕಾಗಿತ್ತು ಅವರಿಗೆ, ಏನೋ ಒಂದು ಸಮಾಧಾನ. ಈ ಸಲ ನಾನು ಬಸ್ಸಿನ ತನಕ ಹೋಗಲಿಲ್ಲ. ಬೇರೆಯವರು ಎರಡು ಸಲ ಬಂದರು. ಅವರಿಗೆ ನಾದಿನಿ ನೀರನ್ನೂ ಕೊಡಲಿಲ್ಲ, ಉತ್ತರವನ್ನೂ ಕೊಡಲಿಲ್ಲ.

ವಾರ್ಡಿನಿಂದ ಬಂದು ಈಗ ಮನೆಯಲ್ಲಿದ್ದಾಳೆ. ನಾವು ಏನನ್ನೂ ಬೆರೆಸುವುದಿಲ್ಲ. ಸೀಸೆಯೇ ಮನೆಯಲ್ಲಿಲ್ಲ. ನಾನು ತಟ್ಟೆ ಇಟ್ಟರೆ, ಏನೂ ಹಾಕಿಲ್ಲ ತಾನೆ ಅತ್ತಿಗೆ, ಅನ್ನುತ್ತಾಳೆ. ಇಲ್ಲ ಅನ್ನುತ್ತೇನೆ. ಆವಾಗ್ಲೂ ಹೀಗೇ ಅಂತಿದ್ರಿ, ಅನ್ನುತ್ತಾಳೆ. ಜಗಳದ ದನಿಯಲ್ಲಿ ಅಲ್ಲ, ನೆನಪು ಮಾಡಿಕೊಡುವ ಹಾಗೆ. ತಟ್ಟೆ ಹಾಗೇ ಇರುತ್ತದೆ. ಅವಳು ತಿನ್ನುವುದು ತಾನೇ ಸುಲಿದುಕೊಳ್ಳಬಹುದಾದ್ದನ್ನು ಮಾತ್ರ. ಬಾಳೆಹಣ್ಣು, ಕಡಲೆಕಾಯಿ, ತಾನೇ ಬೇಯಿಸಿಕೊಂಡ ಮೊಟ್ಟೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿದೆ. ಹಗ್ಗದ ಮೇಲೆ ಒಣಗುವ ಅವಳ ರವಿಕೆಗಳನ್ನು ಸಡಿಲವಾದ ಹಾಗೆಲ್ಲ ಅವಳೇ ಕೈಹೊಲಿಗೆಯಲ್ಲಿ ಮೂರು ಸಲ ಒಳಹಿಡಿದಿದ್ದಾಳೆ. ಅತ್ತೆ ದೂರ ಕೂತು ನೋಡುತ್ತಾರೆ. ಹತ್ತಿರ ಹೋಗಬೇಡಿ ಎಂದು ಎಲ್ಲರೂ ಹೇಳಿದ್ದಾರೆ, ಈಗ ಅವರು ಹೋಗುವುದಿಲ್ಲ. ಈಗ ಕರೆಯುವುದೂ ಇಲ್ಲ ಅವಳು.

ಕಳೆದ ವಾರದಿಂದ ಮೊಟ್ಟೆಯನ್ನೂ ಬಿಟ್ಟಿದ್ದಾಳೆ. ಒಂದು ಚಿಪ್ಪಿನಲ್ಲಿ ಸಣ್ಣ ತೂತು ಕಂಡಿತಂತೆ, ಸೂಜಿ ಚುಚ್ಚಿದಷ್ಟು. ಅವಳು ಕೋಣೆಗೆ ಹೋದ ಮೇಲೆ ಆ ಚಿಪ್ಪನ್ನು ಕಸದಿಂದ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನಾನೂ ನೋಡಿದೆ. ಆಮೇಲೆ ಅತ್ತೆಯ ಕಡೆ ನೋಡಿದೆ. ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡು ಕೂತಿದ್ದರು. ನೀವೇನಾ ಎಂದು ಕೇಳಬೇಕು ಅನ್ನಿಸಿತು, ಇನ್ನೂ ಕೇಳಿಲ್ಲ.